ಜೋಮು

ಮನಸ್ಸಿನ ಡಾಕ್ಟರಮ್ಮ ಹರಪನಹಳ್ಳಿಗೆ ಬರುತ್ತಿದ್ದುದು ತಿಂಗಳಿಗೊಮ್ಮೆ. ಹಲವಾಗಲು ಊರಿನ ಹುಡುಗಿ ಉಚ್ಚಂಗಿಯನ್ನು ಅವಳ ಅಜ್ಜಿ ಎಳೆದುಕೊಂಡೇ ಬಂದಿದ್ದಳು.

"ಇವ್ರವ್ವ ಸತ್ತಾಗಿಂದ ಈ ಹುಡುಗಿ ಕಣ್ಣಾಗ ಒಂದು ಹನಿ ನೀರು ಬಂದಿಲ್ರಿ. ಕಲ್ಲಾಗ್ಯಾಳ."

ಮಗು ಅಳದಿದ್ದರೆ ದೊಡ್ಡವರಿಗೆ ಸಮಾಧಾನವಿಲ್ಲ ನೋಡಿ.

ಡಾಕ್ಟರಮ್ಮ ಮೇಜಿನ ಮೇಲೆ ಮೂರು ಚಿತ್ರ ಹರಡಿದರು: ನಗುವ ಮುಖ, ಅಳುವ ಮುಖ, ಸಿಟ್ಟಿನ ಮುಖ. "ನಿನ್ನ ಥರ ಇರೋದು ಯಾವುದು, ಪುಟ್ಟಿ?"

ಉಚ್ಚಂಗಿ ನೋಡಿದಳು. ಮೂರೂ ಯಾರದೋ ಮನೆಯ ಮಕ್ಕಳು. "ಯಾವ್ದೂ ಅಲ್ರಿ."

"ಮತ್ತೆ ಹೇಗನ್ನಿಸುತ್ತೆ?"

"ಜೋಮು ಹಿಡದೈತ್ರಿ."

ಇಳಿಬಿಟ್ಟು ಕೂತ ಕಾಲಿಗಿರಬೇಕೆಂದು ಡಾಕ್ಟರಮ್ಮ ಬಗ್ಗಿ ಪಾದ ತಿಕ್ಕತೊಡಗಿದರು. ಜೋಮು ಎಂಬ ಮಾತು ಅವ್ವನದು. ದಿನಾ ಬೆಳಗಾಗುತ್ತಲೇ ಅವ್ವ, "ತಲಿ ಎತ್ತಲೇ, ತೋಳು ಜೋಮು ಹಿಡದೈತಿ" ಎಂದೇ ಅವಳನ್ನು ಎಬ್ಬಿಸುತ್ತಿದ್ದಳು.

"ಈ ಕಾಲಾ?"

"ಅಲ್ರಿ."

"ಆ ಕಾಲಾ?"

"ಅಲ್ರಿ."

"ಮತ್ತೆ ಎಲ್ಲಮ್ಮಾ?"

ಉಚ್ಚಂಗಿ ಎಡಗೈಯನ್ನು ಬಲಭುಜದ ಮೇಲಿಟ್ಟು, ಹಾಗೇ ಸೊಂಟದವರೆಗೆ ಇಳಿಸಿದಳು.

"ಇಷ್ಟೂರಿ. ಅವ್ವ ರಾತ್ರಿ ಮಕ್ಕೊಂತಿದ್ಲಲ್ಲ, ಆ ಬಾಜೂ."