ಸುಂಕಲಮ್ಮ ಮುಟ್ಟಿದ್ದಕ್ಕಲ್ಲ

೧೯೮೭ರ ಮಳೆಗಾಲದಲ್ಲಿ ನ್ಯಾಮತಿಯ ಹೈಸ್ಕೂಲಿಗೆ ಒಂದು ಕಂಪ್ಯೂಟರ್ ಬಂತು. ಮೈಸೂರಿಗೆ ಹೋಗಿ ತರಬೇತಿ ಪಡೆದು ಬಂದವರು ಗಣಿತದ ರುದ್ರಾಣಿ ಟೀಚರ್ ಒಬ್ಬರೇ ಆದ್ದರಿಂದ ಅದರ ಹೊಣೆ ಅವರ ಮೇಲೆ ಬಿತ್ತು. ಸಂತೇಬೆನ್ನೂರಿನ ಅಡಿಕೆ ವ್ಯಾಪಾರದ ಮನೆತನದ ಹೆಣ್ಣುಮಗಳು. ತಮ್ಮ ಮನೆಯಲ್ಲಿ ಯಾರೂ ಕಾಣದ ಯಂತ್ರ ತಮ್ಮ ಕೈಗೆ ಬಂದಿದೆ ಎಂಬ ಹೆಮ್ಮೆ ಅವರಿಗಿತ್ತು.

ಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು. ಹೊನ್ನಾಳಿ ರಸ್ತೆಯ ಧೂಳು ಕಿಟಕಿಯಿಂದ ಬರುತ್ತದೆಂದು ರುದ್ರಾಣಿ ಹೂವಿನ ಕಸೂತಿ ಹಾಕಿ ಒಂದು ಬಟ್ಟೆಯ ಗವುಸು ಹೊಲಿದರು. ಪಾಠ ನಡೆಯುವಾಗಲೂ ಅದನ್ನು ತೆಗೆಯುತ್ತಿರಲಿಲ್ಲ. ಪರದೆಯ ಮುಖ ಮತ್ತು ಕೀಲಿಗಳಷ್ಟೇ ಕಾಣುವಂತೆ ಮುಂದಿನಿಂದ ಮಡಚಿಡುತ್ತಿದ್ದರು. ಅದೇ ವಾರ ಶಾಲೆಯ ಕಸ ಗುಡಿಸುವ ಸುಂಕಲಮ್ಮನಿಗೆ ಕಂಪ್ಯೂಟರ್ ಇಟ್ಟ ಕೋಣೆಯನ್ನೂ ಗುಡಿಸಿ ಒರೆಸಲು ಹೇಳಿದರು.

ಆಮೇಲೆ ಶುರುವಾಯಿತು ಕಾಟ. ಪಾಠದ ನಡುವೆ ಪರದೆಯ ಮೇಲಿನ ಅಕ್ಷರಗಳು ಇದ್ದಲ್ಲೇ ನಿಂತುಬಿಡುವುವು. ಯಾವ ಕೀಲಿ ಒತ್ತಿದರೂ ಅಲುಗಾಟವಿಲ್ಲ. ಆರಿಸಿ ಹಾಕಿದರೆ ಮತ್ತೆ ಬರುವುದು, ಸ್ವಲ್ಪ ಹೊತ್ತಿಗೆ ಮತ್ತೆ ನಿಲ್ಲುವುದು. ಮಕ್ಕಳು ಬರೆದದ್ದೆಲ್ಲ ಹೋಗುವುದು. ರುದ್ರಾಣಿ ಪ್ಲಗ್ಗು ಬದಲಿಸಿದರು, ಪ್ರೋಗ್ರಾಂ ತುಂಬುವ ಕ್ಯಾಸೆಟ್ಟು ಬದಲಿಸಿದರು, ಒಂದೊಂದೇ ವೈರು ಕಿತ್ತು ಮತ್ತೆ ಚುಚ್ಚಿದರು. ಕರೆಂಟಿನ ಕೆಲಸದ ಮುರುಗೇಶಪ್ಪನನ್ನು ಕರೆಸಿದರೆ ಅವನು, "ಲೈನು ಸರಿಯಾಗೇ ಐತೆ ಮೇಡಂ. ಕರೆಂಟಿಂದಲ್ಲ ಇದು," ಎಂದು ಹೇಳಿ ಹೋದ.

ಒಂದು ದಿನ ಶಿವಮೊಗ್ಗದಿಂದ ಅಧಿಕಾರಿಯೊಬ್ಬರು ಕಂಪ್ಯೂಟರ್ ನೋಡಲು ಬಂದರು. ಅವರ ಎದುರಿಗೇ ಪರದೆ ಕಲ್ಲಾಯಿತು. ಒಂಬತ್ತನೇ ಕ್ಲಾಸಿನ ಮಕ್ಕಳೆಲ್ಲ ನೋಡುತ್ತಿದ್ದರು. ಹೆಡ್‌ಮಾಸ್ಟರ್ ಷಣ್ಮುಖಪ್ಪ, "ಏನಾಗೈತೆ ಮೇಡಂ ಇದಕ್ಕೆ?" ಎಂದು ಕೇಳಿದರು.

ರುದ್ರಾಣಿಯವರ ಬಾಯಿಗೆ ಬಂದದ್ದು ಒಂದೇ ಮಾತು. "ಸುಂಕಲಮ್ಮ ಮುಟ್ಟಾಕೆ ಶುರು ಮಾಡಿದ ಮೇಲೇ ಹಿಂಗಾಗ್ತೈತೆ ಸರ್."

ವರಾಂಡದಲ್ಲಿ ಪೊರಕೆ ಹಿಡಿದು ನಿಂತಿದ್ದ ಸುಂಕಲಮ್ಮ ಬಾಗಿಲಿಗೆ ಬಂದು, "ಮೇಡಂ, ನಾನು..." ಎಂದಳು. ರುದ್ರಾಣಿ ಕೀಲಿಗಳ ಕಡೆ ಮುಖ ತಿರುಗಿಸಿದರು. ಇನ್ನು ಈ ಕೋಣೆಗೆ ಕಾಲಿಡಬೇಡವೆಂದು ಹೆಡ್‌ಮಾಸ್ಟರು ಅವಳಿಗೆ ಹೇಳಿದರು.

ಸುಂಕಲಮ್ಮ ಆ ಕೋಣೆಗೆ ಬರುವುದು ನಿಂತಿತು. ಕಂಪ್ಯೂಟರ್ ನಿಲ್ಲುವುದು ಮಾತ್ರ ನಿಲ್ಲಲಿಲ್ಲ. ಮರುದಿನವೇ ಮತ್ತೆ ನಿಂತಿತು. ಸುಂಕಲಮ್ಮ ಕಾರಣವಲ್ಲವೆಂದು ರುದ್ರಾಣಿಗೆ ಗೊತ್ತಾಯಿತು; ಆದರೆ ಯಾರಿಗೂ ಹೇಳಲಿಲ್ಲ. ಹೇಳಿದರೆ ಮತ್ತೆ ತಮ್ಮನ್ನೇ ಕೇಳುತ್ತಾರೆ. ಯಾರೂ ಕೇಳದಿದ್ದರೆ ಅಷ್ಟೇ ಸಾಕಾಗಿತ್ತು.

ಗವುಸಿಗೆ ಶಾಯಿ ಚೆಲ್ಲಿದ್ದರಿಂದ ಒಂದು ಶನಿವಾರ ಅದನ್ನು ಒಗೆಯಲು ಮನೆಗೆ ಒಯ್ದರು. ಸೋಮವಾರ ಕಂಪ್ಯೂಟರ್ ಸಂಜೆಯ ಬೆಲ್ಲಿನವರೆಗೂ ಎಡವದೆ ನಡೆಯಿತು. ಮಂಗಳವಾರ ಗವುಸು ಹೊದಿಸಿದರು. ಮೊದಲ ಪಿರಿಯಡ್ಡಿನಲ್ಲೇ ನಿಂತಿತು. ರುದ್ರಾಣಿ ಬಟ್ಟೆ ಎತ್ತಿ ಯಂತ್ರದ ಹಿಂಬದಿಗೆ ಕೈಯಿಟ್ಟರು. ಕಾದ ಹೆಂಚಿನಂತಿತ್ತು. ಬಿಸಿ ಹೊರಗೆ ಹೋಗಲೆಂದು ಬಿಟ್ಟ ಸಾಲು ಕಿಂಡಿಗಳನ್ನು ಅವರ ಕಸೂತಿ ಪೂರ್ತಿ ಮುಚ್ಚಿತ್ತು.

ಗವುಸು ತೆಗೆದಿಟ್ಟು, ಯಂತ್ರ ಆರಲು ಬಿಟ್ಟು, ಗವುಸಿಲ್ಲದೆಯೇ ಸ್ವಿಚ್ಚು ಹಾಕಿದರು. ಯಂತ್ರ ನಿಲ್ಲಲಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ಬಂದು ಹೆಸರು ಬರೆದರು. ಹಿಂದಿನ ಬೆಂಚಿನಲ್ಲಿ ಸುಂಕಲಮ್ಮನ ಮಗಳು ಅಂಜಮ್ಮ ಮಾತ್ರ ಏಳಲಿಲ್ಲ. ಈ ದಿನಗಳಲ್ಲೆಲ್ಲ ಅವಳು ಅಲ್ಲೇ ಕೂತಿರುತ್ತಿದ್ದಳು. ಹೆದರಿಕೆ ಇರಬೇಕೆಂದು ರುದ್ರಾಣಿ ತಿಳಿದಿದ್ದರು.

"ಬಾ ಅಂಜಮ್ಮ. ಈಗ ನಿಲ್ಲಲ್ಲ ಅದು."

"ಬ್ಯಾಡ ಟೀಚರ್. ನಾವು ಮುಟ್ಟಿದ್ರೆ ನಿಲ್ತೈತಂತೆ."

"ಯಾರು ಹಂಗಂದಿದ್ದು?"

ಹುಡುಗಿ ತಲೆ ತಗ್ಗಿಸಿ, "ನೀವೇ ಅಂದ್ರಲ್ಲ ಟೀಚರ್," ಎಂದಳು.

 ರುದ್ರಾಣಿಯವರ ಕಿವಿ ಕಾದವು. ಒದ್ದೆ ಬಟ್ಟೆಯಲ್ಲಿ ಒರೆಸಿರಬಹುದು ಎಂಬರ್ಥದಲ್ಲಿ ಹೇಳಿದ್ದು ಎಂದು ಬಾಯಿವರೆಗೆ ಬಂತು. ಮಕ್ಕಳ ಮುಖ ನೋಡಿ ಅದನ್ನು ನುಂಗಿಕೊಂಡರು.

ಹೆಡ್‌ಮಾಸ್ಟರಿಗೆ ವಿಷಯ ಹೇಳಿ, ಪ್ರಾರ್ಥನೆಯ ಹೊತ್ತಿಗೆ ಎಲ್ಲರ ಮುಂದೆ ಒಪ್ಪಿಕೊಳ್ಳುತ್ತೇನೆ ಎಂದರೆ ಅವರು, "ಸರಿ ಹೋತಲ್ಲ, ಬಿಡ್ರಿ ಮೇಡಂ. ಈಗ ಎದ್ದು ನಿಂತು ಹೇಳಿದ್ರೆ ನಿಮ್ಮ ಮರ್ಯಾದೇನೇ ಹೋಗೋದು," ಎಂದರು.

"ನನ್ನದು ಉಳಿಸ್ಕೊಳಾಕೆ ಹೋಗಿ ಆಕೀದು ತೆಗೆದೀನಿ ಸರ್," ಎಂದರು ರುದ್ರಾಣಿ.

ಮರುದಿನ ಪ್ರಾರ್ಥನೆ ಮುಗಿದ ಮೇಲೆ ಅವರು ಮುಂದೆ ಬಂದು ನಿಂತರು. ಕಂಪ್ಯೂಟರ್ ನಿಂತದ್ದು ತಾವು ಹೊದಿಸಿದ ಬಟ್ಟೆಯಿಂದ, ಸುಂಕಲಮ್ಮ ಮುಟ್ಟಿದ್ದಕ್ಕಲ್ಲ, ಅವಳು ಬಾರದ ಮೇಲೂ ಅದು ನಿಲ್ಲುತ್ತಿರುವುದು ಗೊತ್ತಿದ್ದೂ ತಾವು ಸುಮ್ಮನಿದ್ದದ್ದು ತಪ್ಪು ಎಂದು ಹೇಳಿದರು.  ಹಿಂದೆ ಇಬ್ಬರು ಮೇಷ್ಟ್ರುಗಳು ಪಿಸುಗುಟ್ಟಿ ನಕ್ಕದ್ದು ಕೇಳಿಸಿತು.

ಸಂಜೆ ಕೇರಿಗೆ ಹೋದರು. ಈ ಊರಿಗೆ ಬಂದು ಇಷ್ಟು ವರ್ಷವಾದರೂ ಅವರು ಆ ಕಡೆ ಹೋದದ್ದೇ ಇಲ್ಲ. ಮನೆ ಯಾವುದೆಂದು ಕೇಳಬೇಕಾಯಿತು. ಸುಂಕಲಮ್ಮ ಅಕ್ಕಿ ಆರಿಸುತ್ತಿದ್ದಳು. ಎದ್ದು ಚಾಪೆ ಹಾಸಿದಳು.

"ನನ್ನಿಂದ ತಪ್ಪಾತು ಸುಂಕಲಮ್ಮ. ಒದ್ದೆ ಬಟ್ಟೇಲಿ ಒರೆಸಿದೀರಿ ಅನ್ಕೊಂಡಿದ್ದೆ."

"ಹಂಗಂತ ನನ್ನ ಕೇಳಿದ್ರೆ ಹೇಳ್ತಿದ್ದೆ ಮೇಡಂ. ಅದನ್ನ ನಾನು ಒರೆಸೇ ಇಲ್ಲ. ಏನಾದ್ರೂ ಆದೀತು ಅಂತ ಹೆದರಿ ನೆಲ ಅಷ್ಟೇ ಒರೆಸ್ತಿದ್ದೆ." ಸುಂಕಲಮ್ಮ ಮೊರ ಪಕ್ಕಕ್ಕಿಟ್ಟಳು. "ನೀವು ಒದ್ದೆ ಬಟ್ಟೆ ಅನ್ನಲಿಲ್ಲ. ಮುಟ್ಟಿದ್ದು ಅಂದ್ರಿ. ಬ್ಯಾರೆಯೋರು ಗುಡಿಸಿದ್ರೆ ಆ ಮಾತು ನಿಮ್ಮ ಬಾಯಿಗೆ ಬರ್ತಿರಲಿಲ್ಲ."

  ಅದು ನಿಜವೆಂದು ರುದ್ರಾಣಿಗೆ ಆ ಚಾಪೆಯ ಮೇಲೆ ಕೂತಾಗಲೇ ತಿಳಿಯಿತು.

"ಅಂಜಮ್ಮನ್ನ ಕಳಿಸಿ. ನಾನೇ ಪಕ್ಕದಲ್ಲಿ ಕೂತು ಕಲಿಸ್ತೀನಿ."

"ಕಳಿಸ್ತೀನಿ. ಅದು ಕಲೀಲಿ. ನಾನು ಮಾತ್ರ ಆ ರೂಮಿಗೆ ಬರಲ್ಲ."

ಅಂಜಮ್ಮ ಆ ವಾರವೇ ಬಂದಳು. ಮೊದಲು ಒಂದೇ ಬೆರಳಿನಲ್ಲಿ, ಪ್ರತಿ ಅಕ್ಷರಕ್ಕೂ ಒಮ್ಮೆ ಟೀಚರ ಮುಖ ನೋಡಿ ಒತ್ತುತ್ತಿದ್ದಳು. ದೀಪಾವಳಿ ರಜೆಯ ಹೊತ್ತಿಗೆ ನೋಡುವುದನ್ನು ಬಿಟ್ಟಳು.

ಕಂಪ್ಯೂಟರ್ ಕೋಣೆಯನ್ನು ರುದ್ರಾಣಿ ತಾವೇ ಗುಡಿಸತೊಡಗಿದರು. ಬಾಗಿಲಾಚೆ ಸುಂಕಲಮ್ಮ ವರಾಂಡ ಗುಡಿಸುತ್ತಾ ಬರುವ ಸದ್ದು ಕೇಳಿದಾಗಲೆಲ್ಲ ಅವರ ಕೈ ನಿಲ್ಲುತ್ತಿತ್ತು. ಅವಳು "ನಮಸ್ಕಾರ ಮೇಡಂ" ಎಂದು ಹೊಸ್ತಿಲು ದಾಟದೆ ಮುಂದಿನ ಕೋಣೆಗೆ ಹೋಗುತ್ತಿದ್ದಳು. ರುದ್ರಾಣಿ ನಮಸ್ಕಾರ ಎನ್ನುತ್ತಿದ್ದರು, ನೆಲ ನೋಡಿಕೊಂಡು.