ಸರದಾರ್ಸ್ ಕಪ್ ಎತ್ತುವ ತನಕ

ಕುಬೇರಪ್ಪ ಚಪ್ಪಲಿ ಮೆಟ್ಟಿ ಆರು ವರ್ಷವಾಗಿತ್ತು. ಇದರಲ್ಲಿ ವೈರಾಗ್ಯದ ಮಾತೇನೂ ಇರಲಿಲ್ಲ. ಅಮರಗೋಳದ ಎಪಿಎಂಸಿಯಲ್ಲಿ ಅವನದು ಶೇಂಗಾ, ಕಡಲೆಯ ದಲಾಲಿ ಅಂಗಡಿ. ಮನೆಯ ಮುಂದೆ ಕಾರು ನಿಂತಿತ್ತು, ಕಪಾಟಿನಲ್ಲಿ ಮಗಳು ಬೇರೆ ಬೇರೆ ದೀಪಾವಳಿಗೆ ತಂದುಕೊಟ್ಟ ಮೂರು ಜೋಡಿ ಬೂಟು ಡಬ್ಬಿ ಬಿಚ್ಚದೆ ಕೂತಿದ್ದವು. ಅವನಿಗಿದ್ದದ್ದು ಬರೀ ಸಿಟ್ಟು.

ಸಿಟ್ಟು ದಖ್ಖನ್ ಕಬಡ್ಡಿ ಲೀಗಿನ ಹುಬ್ಬಳ್ಳಿ ಸರದಾರ್ಸ್ ಎಂಬ ತಂಡದ ಮೇಲೆ. ಲೀಗಿನಲ್ಲಿ ಅಷ್ಟು ರೊಕ್ಕದ ತಂಡ ಮತ್ತೊಂದಿಲ್ಲ. ಮಾಲಕರಿಗೆ ಸಿಮೆಂಟು, ಲೇಔಟು, ಎರಡು ಕಾಲೇಜು. ಪ್ರತಿ ವರ್ಷ ಆಟಗಾರರ ಹರಾಜಿನಲ್ಲಿ ಎಲ್ಲರಿಗಿಂತ ದುಬಾರಿ ಮನುಷ್ಯನನ್ನು ಎತ್ತಿಕೊಳ್ಳುವವರು ಅವರೇ. ಹರಾಜಿನ ದಿನ ಗೆದ್ದಷ್ಟು ಅವರು ಮ್ಯಾಟಿನ ಮೇಲೆ ಎಂದೂ ಗೆದ್ದವರಲ್ಲ.

ಮೊದಲನೇ ಸೀಸನ್ನಿನ ಸೆಮಿಫೈನಲ್ಲು ಹುಬ್ಬಳ್ಳಿಯಲ್ಲೇ ನಡೆದಿತ್ತು. ಕೊನೆಯ ಅರ್ಧ ನಿಮಿಷ, ಸರದಾರ್ಸಿಗೆ ಎರಡು ಪಾಯಿಂಟಿನ ಮುನ್ನಡೆ. ಮ್ಯಾಟಿನ ಮೇಲೆ ಉಳಿದಿದ್ದ ಒಬ್ಬನೇ ಒಬ್ಬ ರೇಡಿಗೆ ಹೋದ. ಆ ಕಡೆ ನಾಲ್ಕು ಹೆಜ್ಜೆ ಹಾಕಿ, ಹೊತ್ತು ಕಳೆದು, ತಿರುಗಿ ಬಂದಿದ್ದರೆ ಮುಗಿದಿತ್ತು. ಅವನು ಕ್ಯಾಮೆರಾದ ಕಡೆ ತಿರುಗಿ ತೊಡೆ ತಟ್ಟಿದ. ಹಿಂದಿನಿಂದ ಯಾರೋ ಹರಡು ಹಿಡಿದರು. ತಂಡ ಪೂರ್ತಿ ಔಟಾಗಿ, ಒಂದು ಪಾಯಿಂಟಿನಿಂದ ಸೋತಿತು.

ಗ್ಯಾಲರಿಯಲ್ಲಿ ಸುತ್ತಲಿನವರ ಕೈ ಮೊಬೈಲಿಗೆ ಹೋದಾಗ ಕುಬೇರಪ್ಪನ ಕೈ ಅಂಗಿಯೊಳಗೆ ಹೋಯಿತು. ಕೊರಳ ಕರಡಿಗೆಯಿಂದ ಲಿಂಗ ತೆಗೆದು ಅಂಗೈಯಲ್ಲಿ ಹಿಡಿದು ಎದ್ದು ನಿಂತ. ಲಿಂಗ ಹಿಡಿದು ಆಣೆ ಮಾಡುವುದೆಂದರೆ ಅವರ ಮನೆತನದಲ್ಲಿ ಹಿಂದೆ ಒಮ್ಮೆ, ಮುತ್ತಜ್ಜನ ಕಾಲಕ್ಕೆ, ಹೊಲದ ಬದುವಿನ ಜಗಳದಲ್ಲಿ ಆಗಿದ್ದ ಕೆಲಸ. ಕುಬೇರಪ್ಪ ಅದನ್ನು ಕಬಡ್ಡಿಗೆ ಮಾಡಿದ.

"ಸರದಾರ್ಸ್ ಕಪ್ ಎತ್ತೂತನಾ ನಾ ಕಾಲಾಗ ಏನೂ ಹಾಕೂದಿಲ್ಲ."

ಪಕ್ಕದಲ್ಲಿ ಗಾದಿ ಅಂಗಡಿಯ ಹಫೀಜ, ಮೂವತ್ತು ವರ್ಷದ ಗೆಳೆಯ, ಅವನ ಅಂಗಿ ಜಗ್ಗಿದ. "ಮುಂದಿನ ವರ್ಷದ ತನಕಾ ಅನ್ನು ಕುಬೇರಣ್ಣ. ಹಂಗ ಗಡುವಿಲ್ಲದ ಆಣಿ ಮಾಡಬ್ಯಾಡ."

"ಮುಂದಿನ ವರ್ಷ ಹೆಂಗೂ ಗೆಲ್ತಾರಲ್ಲೋ," ಎಂದ ಕುಬೇರಪ್ಪ.

ಚಪ್ಪಲಿಯನ್ನು ಕುರ್ಚಿಯ ಕೆಳಗೇ ಬಿಟ್ಟು ಮನೆಗೆ ಬಂದ. ಎರಡನೇ ಸೀಸನ್ನಿನಲ್ಲಿ ತಂಡ ಕಡೆಯಿಂದ ಎರಡನೆಯದಾಯಿತು. ಮೂರನೆಯದರಲ್ಲಿ ಕೋಚು ನಡುವೆಯೇ ಬಿಟ್ಟುಹೋದ. ನಾಲ್ಕನೆಯದರ ಬಗ್ಗೆ ಮಾರ್ಕೆಟ್ಟಿನಲ್ಲಿ ಇವತ್ತಿಗೂ ಯಾರೂ ಮಾತಾಡುವುದಿಲ್ಲ. ಮಗಳ ಲಗ್ನದಲ್ಲಿ ಕುಬೇರಪ್ಪ ಬರಿಗಾಲಲ್ಲಿ ಹಂದರದ ಬಾಗಿಲಿಗೆ ನಿಂತಿದ್ದ. ಬೀಗರು ಇವನೊಬ್ಬ ದೊಡ್ಡ ಶರಣನೆಂದು ತಿಳಿದು ಕಾಲಿಗೆ ಬಿದ್ದರು. ಹೆಂಡತಿ ಬಾಳವ್ವ ಸೆರಗು ಬಾಯಿಗಿಟ್ಟುಕೊಂಡು ಅತ್ತ ಸರಿದಳು. ನಕ್ಕಳೋ ಅತ್ತಳೋ ಯಾರೂ ಕೇಳಲಿಲ್ಲ.

ಏಳನೇ ಸೀಸನ್ನಿನ ನಡುವೆ ಗೋದಾಮಿನಲ್ಲಿ ಚೀಲ ಹೊಲಿಯುವ ದಬ್ಬಣ ಅವನ ಎಡಗಾಲಿನ ಹೆಬ್ಬೆರಳಿಗೆ ಹೊಕ್ಕಿತು. ಅವನಿಗೆ ಗೊತ್ತೇ ಆಗಲಿಲ್ಲ. ಸಕ್ಕರೆ ಕಾಯಿಲೆ ಕಾಲಿನ ಅರಿವನ್ನು ಯಾವಾಗಲೋ ತಿಂದುಹಾಕಿತ್ತು. ಮಧ್ಯಾಹ್ನ ಊಟಕ್ಕೆ ಬಂದವನ ಹಿಂದೆ ಹೊಸ್ತಿಲಿನಿಂದ ಅಡುಗೆಮನೆಯ ತನಕ ಕೆಂಪು ಗುರುತು ಮೂಡಿದ್ದನ್ನು ಬಾಳವ್ವ ನೋಡಿದಳು.

ನಾಲ್ಕು ದಿನಕ್ಕೆ ಬೆರಳು ಬಣ್ಣ ತಿರುಗಿತು. ಸತ್ತೂರಿನ ಆಸ್ಪತ್ರೆಯಲ್ಲಿ ಡಾಕ್ಟರ್ ಪ್ರಭಾವತಿ ಪಟ್ಟಿ ಬಿಚ್ಚಿ, ನೋಡಿ, ಮತ್ತೆ ಕಟ್ಟಿದರು.

"ಮೆತ್ತನ್ನ ಚಪ್ಪಲಿ ಬರಕೊಡ್ತೇನಿ. ಮನ್ಯಾಗೂ ಹಾಕ್ಕೋಬೇಕು, ಜಳಕಕ್ಕ ಹೋಗುವಾಗೂ ಹಾಕ್ಕೋಬೇಕು."

"ಚಪ್ಪಲಿ ಬಿಟ್ಟು ಬ್ಯಾರೆ ಏನರ ಬರೀರಿ ಡಾಕ್ಟರ," ಎಂದ ಕುಬೇರಪ್ಪ.

"ಯಾಕ್ರಿ?"

ಬಾಳವ್ವ ಉತ್ತರ ಕೊಟ್ಟಳು. "ಆಣಿ ಮಾಡ್ಯಾರ್ರಿ. ಸರದಾರ್ಸ್ ಕಪ್ ಎತ್ತೂತನಾ ಹಾಕೂದಿಲ್ಲಂತ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಸರದಾರ್ಸಾ? ಹಂಗಾರ ಬೆರಳು ಬಿಡ್ರಿ, ಪೂರಾ ಕಾಲಿನ ಮಾತು ಆಡೂಣು." ಆಮೇಲೆ, ತಮ್ಮ ಯಜಮಾನರೂ ಸೀಸನ್ ಟಿಕೀಟು ತೆಗೆಸುತ್ತಾರೆ, ಆ ಮನುಷ್ಯನಿಗೆ ಬಿಪಿ ಶುರುವಾದದ್ದೇ ಅಲ್ಲಿಂದ ಎಂದರು. ನಂತರ ನಗು ಬಿಟ್ಟು ಹೇಳಿದರು: "ಹದಿನೈದು ದಿನ ನೋಡ್ತೇನಿ. ಬರಿಗಾಲಾಗ ಅಡ್ಡಾಡಿದ್ರ ಬೆರಳು ತಗೀಬೇಕಾಗ್ತೈತಿ. ಬೆರಳಿಗೆ ನಿಂತ್ರ ನಿಮ್ಮ ಪುಣ್ಯಾ."

ಆಣೆ ಬಿಡಿಸುವ ಅಧಿಕಾರ ಮನೆತನದ ಗುರುಗಳಾದ ಅಯ್ಯನವರದು. ಮರುದಿನ ಬೆಳಿಗ್ಗೆಯೇ ಬಾಳವ್ವ ಶಂಭುಲಿಂಗಯ್ಯನವರನ್ನು ಕರೆಸಿ, ಗದ್ದಿಗೆ ಹಾಕಿ ಕೂರಿಸಿ, ತಟ್ಟೆಯಲ್ಲಿ ಎಲೆ ಅಡಿಕೆ ಕಾಯಿ ಇಟ್ಟು ಎಲ್ಲವನ್ನೂ ಹೇಳಿದಳು. ಅಯ್ಯನವರು ಕಣ್ಣು ಮುಚ್ಚಿ ಬಹಳ ಹೊತ್ತು ಕೂತರು. ಬಾಳವ್ವನಿಗೆ ಸಮಾಧಾನವಾಯಿತು.

"ಈಗ ತಂಡ ಎಷ್ಟನೇ ನಂಬರಿಗೆ ಐತಿ ಕುಬೇರಪ್ಪ?" ಎಂದು ಅವರು ಕಣ್ಣು ತೆರೆದರು.

"ಐದ್ರೀ ಅಜ್ಜಾರ."

"ಉಳದ ಮ್ಯಾಚು?"

"ಆರ್ರೀ."

"ಆ ಹರಿಯಾಣದ ರೇಡರನ ಹಿಮ್ಮಡ ಆರಾಮಾತಂದ್ರ ಸೆಮಿಫೈನಲ್ ಖರೇ. ಇಂಥಾ ಹೊತ್ತಿನ್ಯಾಗ ಆಣಿ ಬಿಡಿಸೂದು..." ಅಯ್ಯನವರು ವಿಭೂತಿಯ ಹಣೆ ತಿಕ್ಕಿಕೊಂಡರು. "ಒಂದು ತಿಂಗಳಾ ತಡಕೊಂಡ್ರ ಹೆಂಗವಾ ಬಾಳವ್ವ?"

ಬಾಳವ್ವ ತಟ್ಟೆಯನ್ನು ಎತ್ತಿ ಒಳಗಿಟ್ಟು ಬಂದಳು. "ಡಾಕ್ಟರು ಹದಿನೈದು ದಿನಾ ಅಂದಾರ್ರಿ ಅಜ್ಜಾರ. ನಿಮ್ಮ ಹಿಮ್ಮಡದವ ತಿಂಗಳಿಗೆ ಬರ್ತಾನ. ಅಷ್ಟ್ರಾಗ ಇವರ ಬೆರಳು ಡಬ್ಬ್ಯಾಗ ಇಟ್ಟು ಕೊಡ್ತೇನಿ, ಮಠಕ್ಕ ಒಯ್ಯೀರಂತ."

ಅವತ್ತು ಅಯ್ಯನವರು ಚಹಾ ಇಲ್ಲದೆ ಎದ್ದರು. ಆ ಮನೆಯಲ್ಲಿ ಅದು ಮೊದಲ ಸಲ.

ಆ ವಾರ ಸರದಾರ್ಸ್ ಮತ್ತೆರಡು ಮ್ಯಾಚು ಸೋತಿತು. ಕುಬೇರಪ್ಪ ಕಾಲಿಗೆ ಬಟ್ಟೆ ಸುತ್ತಿಕೊಂಡು ಗೋದಾಮಿಗೆ ಹೋಗುತ್ತಲೇ ಇದ್ದ. ಬಟ್ಟೆ ಆಣೆಯಲ್ಲಿ ಬರುತ್ತದೋ ಇಲ್ಲವೋ ಎಂದು ನಿವೃತ್ತ ಪಿ.ಟಿ. ಮಾಸ್ತರ ವೆಂಕಣ್ಣ ಒಂದು ಮಧ್ಯಾಹ್ನ ಪೂರ್ತಿ ವಾದಿಸಿದರು. ಏಳೂ ಸೀಸನ್ನಿನ ಅಂಕಿ ಅಂಶ ಅವರ ನೋಟುಬುಕ್ಕಿನಲ್ಲಿದ್ದವು. ಅದರಲ್ಲಿ ಕುಬೇರಪ್ಪನ ಬರಿಗಾಲಿಗೂ ಒಂದು ಪುಟವಿತ್ತು.

ಆಗ ತಂಡದಿಂದಲೇ ಫೋನು ಬಂತು. ಭಾನುವಾರ ಹನ್ನೊಂದಕ್ಕೆ ದೇಶಪಾಂಡೆ ನಗರದ ಸಭಾಭವನದಲ್ಲಿ ಅಭಿಮಾನಿಗಳ ಜೊತೆ ಆಟಗಾರರ ಭೇಟಿ. ಕುಬೇರಪ್ಪನಿಗೆ ವೇದಿಕೆಯ ಮೇಲೆ ಕುರ್ಚಿ. ಅಭಿಮಾನಿಗಳನ್ನು ನೋಡಿಕೊಳ್ಳುವ ಮ್ಯಾನೇಜರ್ ಪ್ರತಾಪ ಎಂಬ ಬೆಂಗಳೂರಿನ ತರುಣ ತಾನೇ ಮಾತಾಡಿದ್ದ.

"ಹೋಗಿ ಮಾರಿ ನೋಡಿ ಕೇಳ್ತೇನಿ," ಎಂದ ಕುಬೇರಪ್ಪ. "ಆರು ವರ್ಷದ್ದು ಅವರಿಗೆ ಗೊತ್ತಿರಬೇಕಲ್ಲ."

ಹಫೀಜನೂ ವೆಂಕಣ್ಣನವರೂ ಅವನನ್ನು ಕಾರಿನಲ್ಲಿ ಕರೆದೊಯ್ದರು. ವೇದಿಕೆಯ ನಡುವೆ ಗಾಜಿನ ಪೆಟ್ಟಿಗೆಯಲ್ಲಿ ಬಂಗಾರದ ಬಣ್ಣದ ಒಂದು ಜೋಡಿ ಬೂಟು. ತಂಡಕ್ಕೆ ಈ ವರ್ಷ ಬೂಟಿನ ಕಂಪನಿಯೊಂದು ಪ್ರಾಯೋಜಕ. ಹಿಂದಿನ ಪರದೆಯ ಮೇಲೆ ಕುಬೇರಪ್ಪನ ಕಾಲು ಹತ್ತು ಅಡಿ ಎತ್ತರ ಮೂಡಿತ್ತು, ಒಡೆದ ಹಿಮ್ಮಡಿಯ ಒಂದೊಂದು ಗೆರೆಯೂ ಎಣಿಸುವಂತೆ.

ಪ್ರತಾಪ ಓಡಿಬಂದ. "ಸರ್, ನೀವೇ ನಮ್ ಹೀರೋ. ಕಪ್ ಗೆದ್ದ ದಿನ ಈ ಶೂನ ಕ್ಯಾಪ್ಟನ್ ಕೈಯಿಂದ ನಿಮ್ ಕಾಲಿಗೆ ಹಾಕ್ಸೋದು, ಅದು ಪ್ಲಾನು. ಇಲ್ಲಿ ಕೂತ್ಕೊಳ್ಳಿ ಸರ್. ಕಾಲು ಸ್ವಲ್ಪ ಮುಂದೆ. ಬ್ಯಾಂಡೇಜ್ ಕಾಣ್ಬೇಕು."

"ಗಾಯ ಆಗೇತಿ ತಮ್ಮಾ."

"ಗೊತ್ತು ಸರ್, ತುಂಬಾ ಟಚಿಂಗ್ ಆಗಿದೆ. ಸೆಮಿಫೈನಲ್ ತನಕ ಹಿಂಗೇ ಇರುತ್ತಲ್ವಾ?"

ಹಫೀಜ ಏನೋ ಅನ್ನಲು ಹೋದ. ವೆಂಕಣ್ಣ ಅವನ ತೋಳು ಹಿಡಿದರು.

ಕುಬೇರಪ್ಪನ ಪಕ್ಕದ ಕುರ್ಚಿಯಲ್ಲಿ ಹರಿಯಾಣದ ರೇಡರ್ ಕೂತಿದ್ದ. ಒಂದು ಕೋಟಿ ನಲವತ್ತು ಲಕ್ಷಕ್ಕೆ ಕೊಂಡ ಇಪ್ಪತ್ತಮೂರು ವರ್ಷದ ಆಳು. ಕಾಲಲ್ಲಿ ಅಗಲ ಪಟ್ಟಿಯ ರಬ್ಬರ್ ಚಪ್ಪಲಿ, ಹಿಮ್ಮಡಕ್ಕೆ ಔಷಧದ ಪಟ್ಟಿ. ಅವನು ಕುಬೇರಪ್ಪನ ಬೆರಳು ನೋಡಿ ಹಿಂದಿಯಲ್ಲಿ ಏನೋ ಕೇಳಿದ. ಹಫೀಜ ವೇದಿಕೆಯ ಅಂಚಿಗೆ ಬಂದು ನಡುವೆ ನಿಂತ.

"ಕಾಲಿಗೆ ಏನಾಗೇತಿ ಚಾಚಾ ಅಂತ ಕೇಳ್ತಾನ."

"ಹೇಳು ಅವಗ. ಮೊದಲಿಂದ ಹೇಳು."

ಹಫೀಜ ಮೊದಲಿಂದ ಹೇಳಿದ. ರೇಡರ್ ಪೂರ್ತಿ ಕೇಳಿಸಿಕೊಂಡ. ಅವನ ಮುಖದಲ್ಲಿ ಹೆಮ್ಮೆ ಬರಲಿಲ್ಲ, ಗಾಬರಿ ಬಂತು. ಎರಡೇ ಮಾತು ಆಡಿದ.

"ಏನಂದ?"

"ಯಾರು ಮಾಡಂದಿದ್ರು ಅಂತ ಕೇಳಾಕತ್ತಾನ."

"ಮತ್ತ?"

"ಬ್ಯಾಡ ಬಿಡಣ್ಣ."

"ಹೇಳಲೇ."

"ತಾ ಮುಂದಿನ ವರ್ಷ ಪುಣೆದವರ ಕಡೆ ಹೊಂಟೇನಿ, ಮಾತುಕತಿ ಆಗೇತಿ ಅಂತಾನ. ಕ್ಯಾಪ್ಟನ್ನೂ ಹೊಂಟಾನಂತ. ಚಾಚಾಗ ಕಾಯಬ್ಯಾಡ ಅಂತ ಹೇಳು ಅಂದ."

ಕುಬೇರಪ್ಪ ರೇಡರನ ಕಾಲಿನ ಪಟ್ಟಿ ನೋಡಿದ. "ಇವನ ಹಿಮ್ಮಡಕ್ಕ ಏನಾಗೇತಿ ಕೇಳು."

"ಕಂಪನಿ ಬೂಟು ಕಡದು ಗುಳ್ಳಿ ಎದ್ದಾವಂತ. ಏಳು ಮ್ಯಾಚು ಅದಕ್ಕ ಕುಂತಾನಂತ."

ಅಷ್ಟರಲ್ಲಿ ಪ್ರತಾಪ ಮೈಕು ತಂದು ಕುಬೇರಪ್ಪನ ಕೈಗಿಟ್ಟ. ಕೆಳಗೆ ಎರಡು ಕ್ಯಾಮೆರಾ, ಮುನ್ನೂರು ಜನ. "ಒಂದೇ ಲೈನ್ ಸರ್. ಇನ್ನೂ ಹತ್ತು ವರ್ಷ ಆದ್ರೂ ಕಾಯ್ತೀನಿ, ಅಷ್ಟೇ."

ಕುಬೇರಪ್ಪ ಎದ್ದು ನಿಂತ. ಎಪಿಎಂಸಿಯ ಹರಾಜು ಸವಾಲಿನಲ್ಲಿ ಮೂವತ್ತು ವರ್ಷ ಕೂಗಿದ ಗಂಟಲು ಅವನದು, ಆದರೆ ದನಿ ಏರಿಸಲಿಲ್ಲ.

"ನಮ್ಮ ಅಂಗಡ್ಯಾಗ ಒಬ್ಬ ಹಮಾಲ ಒಂದು ಚೀಲ ಚೆಲ್ಲಿದ್ರ ಸಂಜೀತನಾ ತಲಿ ಎತ್ತೂದಿಲ್ಲ. ನೀವು ಆರು ವರ್ಷ ಚೆಲ್ಲೀರಿ. ಪ್ರತಿ ಸಲ ಹೊಸಾ ಜರ್ಸಿ ಹಾಕ್ಕೊಂಡು ಬಂದು ಕೈ ಬೀಸ್ತೀರಿ. ಸೋಲ್ರಿ, ಸೋತದ್ದಕ್ಕ ನನ್ನ ತಕರಾರಿಲ್ಲ. ಹೆಬ್ಬಳ್ಳಿಯಂಥಾ ಹಳ್ಳಿ ಹುಡುಗರು ಮಣ್ಣಾಗ ಆಡಿ ಸೋಲ್ತಾರ, ಸೋತ ದಿನ ಮನ್ಯಾಗ ಉಣ್ಣೂದಿಲ್ಲ. ನೀವು ಹೋದ ಬುಧವಾರ ಸೋತು ಹೋಟೆಲ್ಲಿನ್ಯಾಗ ಕೇಕ್ ಕೊಯ್ದ ಫೋಟೋ ನಾ ನೋಡೇನಿ. ಹೋಗ್ಲಿ, ಅದನ್ನೂ ನುಂಗಿದೆ. ಆದ್ರ ನನ್ನ ಬೆರಳು ಕೊಳ್ಯಾಕತ್ತೈತಿ, ಈ ತಮ್ಮ ಅದು ಛಂದ ಕಾಣ್ತೈತಿ, ಕಾಲು ಮುಂದ ಮಾಡು ಅಂತಾನ."

ಕುಬೇರಪ್ಪ ಮೈಕನ್ನು ಕುರ್ಚಿಯ ಮೇಲಿಟ್ಟು ಕರಡಿಗೆಯಿಂದ ಲಿಂಗ ತೆಗೆದ. ಈ ಸಲ ಆಡಿದ್ದು ಹತ್ತಿರವಿದ್ದ ಹಫೀಜನಿಗೆ ಮಾತ್ರ ಕೇಳಿತು.

"ತಪ್ಪು ನನ್ನದು. ಆಣಿ ಮುರ್ಯಾಕತ್ತೇನಿ. ಶಿಕ್ಷಾ ಏನ ಐತಿ ನೀ ಕೊಡು ನನ್ನಪ್ಪ. ಇವರ ಕೈಲೆ ಕೊಡಸಬ್ಯಾಡ."

ಪ್ರತಾಪ ಗಾಜಿನ ಪೆಟ್ಟಿಗೆಯತ್ತ ಓಡಿದ. ಹೇಗೂ ಹಾಕುವುದಾದರೆ ಬಂಗಾರದ ಬೂಟೇ ಹಾಕಿಕೊಳ್ಳಲಿ ಎಂಬ ಲೆಕ್ಕ. ಕುಬೇರಪ್ಪ ಅವನ ಕಡೆ ನೋಡಲೂ ಇಲ್ಲ. ರೇಡರನ ರಬ್ಬರ್ ಚಪ್ಪಲಿಗೆ ಬೆರಳು ಮಾಡಿ ತೋರಿಸಿದ. ಅದಕ್ಕೆ ಅನುವಾದ ಬೇಕಾಗಲಿಲ್ಲ. ಆ ಹುಡುಗ ಚಪ್ಪಲಿ ಕಳಚಿ, ಕೆಳಗೆ ಕೂತು, ಎಡಗಾಲಿನ ಪಟ್ಟಿಯನ್ನು ಬ್ಯಾಂಡೇಜು ಹಿಡಿಯುವಷ್ಟು ಸಡಿಲಿಸಿ ಮುಂದಿಟ್ಟ. ಕುಬೇರಪ್ಪ ಕಾಲು ತೂರಿಸಿ, ಮೆಟ್ಟಿಲಿಳಿದು, ಸಭಾಭವನದ ನಡುವಿನ ದಾರಿಯಲ್ಲಿ ಚಟ್ ಚಟ್ ಎಂದು ನಡೆದು ಹೋದ. ಆರು ವರ್ಷದಲ್ಲಿ ಚಪ್ಪಲಿ ಮೆಟ್ಟಿ ನಡೆಯುವ ರೂಢಿ ತಪ್ಪಿತ್ತು. ಬಾಗಿಲಲ್ಲಿ ಒಮ್ಮೆ ಮುಗ್ಗರಿಸಿದ.

ಬೆರಳು ಉಳಿಯಿತು. ಹದಿನೈದನೇ ದಿನ ಡಾಕ್ಟರ್ ಪ್ರಭಾವತಿ ಗಾಯ ನೋಡಿ, ಇನ್ನು ಮಾಯುತ್ತದೆ ಎಂದರು. ಬಾಳವ್ವ ಅವರು ಬರೆದುಕೊಟ್ಟ ಮೆತ್ತನೆಯ ಚಪ್ಪಲಿ ಎರಡು ಜೋಡಿ ತಂದಿಟ್ಟಳು.

ಆದರೆ ಆ ಭಾನುವಾರದ ನಂತರ ಸರದಾರ್ಸ್ ಗೆಲ್ಲತೊಡಗಿತು. ಹಿಮ್ಮಡ ವಾಸಿಯಾದ ರೇಡರ್ ಉಳಿದ ನಾಲ್ಕೂ ಮ್ಯಾಚು ಗೆಲ್ಲಿಸಿದ. ಸೆಮಿಫೈನಲ್ಲೂ ಗೆಲ್ಲಿಸಿದ. ಫೈನಲ್ಲಿನಲ್ಲಿ ತಂಡ ಒಂದು ಪಾಯಿಂಟಿನಿಂದ ಸೋತಿತು.

ಮರುದಿನ ಬೆಳಿಗ್ಗೆ ಎಪಿಎಂಸಿಯ ಚಹಾದಂಗಡಿಯಲ್ಲಿ ಕುಬೇರಪ್ಪ ಬಂದು ಕೂತಾಗ ಎಲ್ಲರೂ ಅವನ ಕಾಲು ನೋಡಿದರು. ಅಯ್ಯನವರೂ ಇದ್ದರು.

"ಒಂದು ತಿಂಗಳಾ ತಡಕೋ ಅಂತ ಹೇಳಿದ್ನೆಪಾ," ಎಂದರು ಅಯ್ಯನವರು, ಬೇರೆ ಕಡೆ ನೋಡುತ್ತ.

ವೆಂಕಣ್ಣ ನೋಟುಬುಕ್ಕು ತೆರೆದೇ ಕೂತಿದ್ದರು. "ನಾ ಏನೂ ಅನ್ನೂದಿಲ್ಲ ಕುಬೇರಪ್ಪ. ಬರದದ್ದು ಓದ್ತೀನಿ ಅಷ್ಟ. ಆರು ವರ್ಷ ತಡದಿ, ಇಪ್ಪತ್ತೇಳು ದಿನ ತಡೀಲಿಲ್ಲ. ಒಂದು ಪಾಯಿಂಟ್. ಒಂದು ಪಾಯಿಂಟಿಗೆ ಏನರೆ ಕಾರಣ ಇರಬೇಕಲ್ಲ."

"ಮಾಸ್ತರ, ಅವ ಕಾಲು ಕಳಕೋತಿದ್ದ," ಎಂದ ಹಫೀಜ.

"ಬೆರಳು," ಎಂದರು ವೆಂಕಣ್ಣ. "ಡಾಕ್ಟರು ಮೊದಲ ಬೆರಳು ಅಂದಾರ. ನಾ ಬರಕೊಂಡೀನಿ."

ಕುಬೇರಪ್ಪ ಬಸಿಯಲ್ಲಿದ್ದ ಚಹಾ ಕುಡಿದು ಮುಗಿಸಿದ. ಎದ್ದು ನಿಂತ. ಸೋತ ತಂಡದ ಮೇಲೆ ಆರು ವರ್ಷ ಖರ್ಚು ಮಾಡಿದ ಸಿಟ್ಟು ಇನ್ನೂ ಸಾಕಷ್ಟು ಉಳಿದಿತ್ತು, ಈಗ ಅದಕ್ಕೆ ಹೊಸ ವಿಳಾಸ ಸಿಕ್ಕಿತ್ತು.

"ಆತು. ನನ್ನಿಂದ ಸೋತ್ರು. ಒಪ್ಪಿದೆ. ಮುಂದಿನ ಸೀಸನ್ನಿಗೆ ನಿಮ್ಮಾಗ ಯಾರರ ಒಬ್ಬರು ಚಪ್ಪಲಿ ಬಿಡ್ರಿ. ಲಿಂಗ ಹಿಡದು ಆಣಿ ಬ್ಯಾಡ, ಬಾಯಿಮಾತಿಲೆ ಹೇಳ್ರಿ ಸಾಕು. ಅಜ್ಜಾರ, ನಿಮ್ಮಿಂದ ಸುರು ಮಾಡೂಣ್ರಿ?"

ಅಯ್ಯನವರು ಕೆಮ್ಮಿದರು. ಬೆಂಚಿನ ಕೆಳಗೆ ಒಂದೊಂದಾಗಿ ಕಾಲುಗಳು ಹಿಂದಕ್ಕೆ ಸರಿದವು. ವೆಂಕಣ್ಣನವರು ಹೊಸ ಸ್ಯಾಂಡಲ್ಲಿನ ಬಕ್ಕಲನ್ನು, ಸಡಿಲವಾಗಿರದಿದ್ದರೂ, ಬಗ್ಗಿ ಬಿಗಿ ಮಾಡಿಕೊಂಡರು.

"ಅಂದಂಗ," ಎಂದರು ವೆಂಕಣ್ಣ, ಬಗ್ಗಿದಲ್ಲಿಂದಲೇ, "ಹರಿಯಾಣದವ ಪುಣೆಕ್ಕ ಹೋಗೂದು ಖರೇ ಆತು. ಮಾಲಕರು ಅವನ ಜಾಗಾಕ್ಕ ಇರಾನದವನ್ನ ತರಸಾಕತ್ತಾರಂತ. ಎರಡು ಕೋಟಿ ಅಂತಾರ."

ಎಲ್ಲರಿಗೂ ಜೀವ ಬಂದಂತಾಯಿತು. ಎರಡು ಕೋಟಿಯೋ ಎರಡೂವರೆಯೋ ಎಂದು ಮೂರು ಕಡೆಯಿಂದ ಮಾತು ಎದ್ದಿತು. ಕುಬೇರಪ್ಪ ಅಂಗಡಿಯ ಮೆಟ್ಟಿಲಿಳಿದು ಹತ್ತು ಹೆಜ್ಜೆ ಹೋದ. ನಿಂತ. ಥೂ ಎಂದು ಉಗುಳಿದ. ಮತ್ತೆ ತಿರುಗಿ ಬಂದು, ಬೈಯುವ ದನಿಯಲ್ಲೇ ಕೇಳಿದ:

"ರೇಡರೇನ್ರಿ ಅವ, ಡಿಫೆಂಡರಾ?"