ಪಟದಲ್ಲಿಲ್ಲದ ಗೋಲ್‌ಕೀಪರ್

ರೈಲ್ವೆ ವರ್ಕ್‌ಶಾಪ್ ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆ ನಾಳೆ ಅಚ್ಚಿಗೆ ಹೋಗುವುದಿತ್ತು. ಅದರಲ್ಲಿ ತನ್ನ ಗಂಡ ಪರೇಶನ ಹೆಸರಿಲ್ಲವೆಂದು ಕೇಳಿದ ನಿಭಾರಾಣಿ, ಅನ್ನದ ಒಲೆ ಆರಿಸಿ ಕಾರ್ಯದರ್ಶಿ ತಪೇಶನನ್ನು ಹುಡುಕಿಕೊಂಡು ಹೋದಳು. ಅರವತ್ತೊಂಬತ್ತರ ಫೈನಲ್‌ನಲ್ಲಿ ಪೆನಾಲ್ಟಿ ತಡೆದು ಕಪ್ ತಂದುಕೊಟ್ಟವನು ಪರೇಶ. ಅವನು ತೀರಿಕೊಂಡು ಹನ್ನೊಂದು ವರ್ಷವಾಗಿತ್ತು.

"ಪಟ ನೋಡಿ ಬರೆದೆ, ಮಾಸಿಮಾ. ಗೋಲ್‌ಕೀಪರ್ ಅಂಗಿ ಹಾಕ್ಕೊಂಡು ನಿಂತಿರೋದು ಹಾಬುಲ್ ಕಾಕಾ ಅಲ್ವಾ?" ಎಂದ ತಪೇಶ. ಅಲ್ಲಿನ ಹುಡುಗರಿಗೆಲ್ಲ ಅವಳು ಮಾಸಿಮಾ, ಚಿಕ್ಕಮ್ಮ.

"ನಿಂತಿದ್ದು ಅವನು, ಆಡಿದ್ದು ನಮ್ಮನೆಯವರು. ಆಟ ಮುಗಿದದ್ದೇ ತಡ, ಫೌಂಡ್ರಿಗೆ ಓಡಿದ್ರು. ಕರಗಿದ ಕಬ್ಬಿಣ ನಿಮ್ಮ ಫೋಟೋಗೆ ಅಂತ ನಿಲ್ಲುತ್ತೇನಪ್ಪಾ?"

ಆಗಿನ ಪದ್ಧತಿಯೇ ಹಾಗಿತ್ತು. ಪಟದಲ್ಲಿ ಹನ್ನೊಂದು ಮಂದಿ ಇರಲೇಬೇಕು. ಯಾರಾದರೂ ಪಾಳಿಗೆ ಹೋದರೆ ಅವನ ಅಂಗಿಯನ್ನು ಆ ದಿನ ಆಡದೆ ಹೊರಗೆ ಕೂತಿದ್ದ ಮತ್ತೊಬ್ಬ ತೊಟ್ಟು ನಿಲ್ಲುತ್ತಿದ್ದ. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಆ ತಂಡದವರಲ್ಲಿ ಉಳಿದಿದ್ದವನು ಹಾಬುಲ್ ಒಬ್ಬನೇ.

"ಹಾಬುಲ್ ಕಾಕಾ ಬಾಯಿಂದ ಬರಲಿ, ಬದಲಾಯಿಸ್ತೀನಿ" ಎಂದ ತಪೇಶ.

ಇಬ್ಬರೂ ಅವನ ಮನೆಗೆ ಹೋದಾಗ ಹಾಬುಲ್ ಮಂಚದ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದ. ಈಚೆಗೆ ಅವನಿಗೆ ನೆನಪು ಸರಿಯಿರಲಿಲ್ಲ. ಫೈನಲ್‌ನಲ್ಲಿ ಗೋಲ್‌ನಲ್ಲಿ ಯಾರಿದ್ದರೆಂದು ತಪೇಶ ಕೇಳಿದ್ದೇ ಹಾಬುಲನ ಮುಖ ಅರಳಿತು.

"ಇನ್ಯಾರು? ನಾನೇ!"

ನಿಭಾರಾಣಿ ತಪೇಶನ ಮುಖ ನೋಡಿದಳು.

"ಎಡಕ್ಕೆ ಹಾರಿದೆ ನೋಡು. ಕಿರುಬೆರಳು ಲಟಕ್ ಅಂತು. ಬಾಯಿ ತುಂಬ ಕೆಸರು. ಆದ್ರೂ ಚೆಂಡು ಬಿಟ್ನಾ? ಮಗೂನ ಅಪ್ಪಿಕೊಂಡ ಹಾಗೆ ಅಪ್ಪಿಕೊಂಡು ಮಲಗ್ದೆ. ಆಮೇಲೆ ಬೂಟ್ ಸಮೇತ ಫೌಂಡ್ರಿಗೆ ಓಡಿದೆ. ಫೋರ್‌ಮನ್ ಬೈದ, 'ಬಂದ್ರಾ ನವಾಬರು?' ಅಂತ."

ತಪೇಶ ಕೈಯಲ್ಲಿದ್ದ ಪಟವನ್ನು ನೋಡಿದ. ಓಡಿಹೋದವನು ಪಟದಲ್ಲಿ ಹೇಗೆ ನಿಂತಾನು? ಅಲ್ಲದೆ ಹಾಬುಲ್ ಬದುಕಿಡೀ ಬಡಗಿ ಕೆಲಸ ಮಾಡಿದವನು, ಫೌಂಡ್ರಿಯ ಹೊಸ್ತಿಲು ತುಳಿದವನಲ್ಲ. ಗೆಳೆಯ ಪರೇಶ ಸಂಜೆಸಂಜೆ ಹೇಳಿದ್ದೆಲ್ಲ ಅವನೊಳಗೆ ಅವನದೇ ಆಗಿಬಿಟ್ಟಿತ್ತು. ತಪೇಶ ಚರಿತ್ರೆಯ ಕರಡಿನಲ್ಲಿ ಹಾಬುಲನ ಹೆಸರು ಹೊಡೆದುಹಾಕಿ, ಪಕ್ಕದಲ್ಲಿ ಪರೇಶನ ಹೆಸರು ಬರೆದು ತೋರಿಸಿದ.

"ಸರಿಯಾಯ್ತಾ, ಮಾಸಿಮಾ?"

ಅವಳು ತಲೆಯಾಡಿಸಿದಳು. ಬಂದ ಕೆಲಸ ಮುಗಿದಿತ್ತು. ಆದರೆ ಕಾಲು ಏಳಲಿಲ್ಲ. ಆ ಕಾಲದಲ್ಲಿ ಹೆಂಗಸರು ಮೈದಾನಕ್ಕೆ ಹೋಗುತ್ತಿರಲಿಲ್ಲ. ಪರೇಶನ ಸೊಟ್ಟ ಕಿರುಬೆರಳಿಗೆ ವರ್ಷಗಟ್ಟಲೆ ಎಣ್ಣೆ ತಿಕ್ಕಿದ್ದಳು. ಕೇಳಿದಾಗಲೆಲ್ಲ ಅವನು, "ಆಟದಲ್ಲಿ ಆಗಿದ್ದು, ಬಿಡೇ" ಎಂದಷ್ಟೇ ಅನ್ನುತ್ತಿದ್ದ. ಗೆಳೆಯನಿಗೆ ಹೇಳಿದ್ದನ್ನು ಅವಳಿಗೆ ಹೇಳಿರಲಿಲ್ಲ.

"ಬೌದಿ," ಎಂದು ಅತ್ತಿಗೆಯನ್ನು ಕರೆಯುವಂತೆ ಕರೆದು ಹಾಬುಲ್ ಮೆಲ್ಲಗೆ ಕೇಳಿದ, "ಪರೇಶ್‌ದಾ ಯಾಕೆ ಮ್ಯಾಚಿಗೆ ಬರ್ಲಿಲ್ಲ?"

"ಡ್ಯೂಟಿ ಇತ್ತು."

"ಯಾವಾಗ್ಲೂ ಡ್ಯೂಟಿ ಅವನಿಗೆ!"

ತಪೇಶ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದ. ನಿಭಾರಾಣಿ ಅವನಿಗೆ ಹೊರಡೆಂದು ಸನ್ನೆ ಮಾಡಿ, ಮಂಚದ ಅಂಚಿನಲ್ಲಿ ಕೂತಳು.

"ಮೊದಲಿಂದ ಹೇಳು ಹಾಬುಲ್," ಎಂದಳು. "ಎಡಕ್ಕೆ ಹಾರಿದ್ಯಲ್ಲ, ಆಮೇಲೆ?"